ಹೆಡ್‌ಲೈಟ್ ಇದೆ, ಫ್ಲ್ಯಾಷರ್ ಎಲ್ಲಿ?

ರೈಲು ಸಿಮ್ಯುಲೇಟರ್‌ಗಳನ್ನು ಮೆಚ್ಚುವವರು ಎಂಜಿನ್ನಿನ ಸದ್ದು, ಹಾರ್ನು, ಕಿಟಕಿಯಾಚೆಯ ನೋಟಗಳ ಬಗ್ಗೆ ಹೇಳುತ್ತಾರೆ. ನಾನು ಮೊದಲು ನೋಡುವುದು ದೀಪಗಳನ್ನು. ರಾತ್ರಿ ಮಾಲೂರು ಬಿಟ್ಟು ಟೇಕಲ್ ಕಡೆಗೆ ಹೊರಟ ಲೋಕೋ ಪೈಲಟ್‌ಗೆ ಹಳಿ ಕಾಣಲು ಹೆಡ್‌ಲೈಟ್ ಬೇಕು, ಸರಿ. ಆ ಬೆಳಕನ್ನು ನೋಡಿ ನಡೆದುಕೊಳ್ಳುವವರು ಇನ್ನೂ ಇದ್ದಾರೆ: ಪಕ್ಕದ ಹಳಿಯಲ್ಲಿ ಎದುರು ಬರುವ ಪೈಲಟ್, ಗೇಟ್‌ಮನ್, ಹಳಿಯ ಮೇಲೆ ಕೆಲಸದಲ್ಲಿರುವ ಗ್ಯಾಂಗ್‌ಮನ್. ಇದನ್ನು ಅರಿತ ಸಿಮ್ಯುಲೇಟರ್ ಮಾತ್ರ ಚಾಲನೆ ಕಲಿಸುತ್ತದೆ.

ಈ ಒರೆಗೆ ಓಪನ್ ರೈಲ್ಸ್ ಅನ್ನು ಹಚ್ಚಿ ನೋಡೋಣ. ಇದು ಉಚಿತ ತಂತ್ರಾಂಶ; 2001ರ ಮೈಕ್ರೋಸಾಫ್ಟ್ ಟ್ರೈನ್ ಸಿಮ್ಯುಲೇಟರ್‌ಗೆ ಮಾಡಿದ ಎಂಜಿನ್ನುಗಳನ್ನೂ ಓಡಿಸುತ್ತದೆ. 'ಎಚ್' ಕೀ ಒತ್ತಿದರೆ ಡಿಮ್, ಮತ್ತೊಮ್ಮೆ ಒತ್ತಿದರೆ ಬ್ರೈಟ್; ಶಿಫ್ಟ್ ಹಿಡಿದು ಒತ್ತಿದರೆ ಒಂದೊಂದೇ ಹಂತ ಇಳಿಯುತ್ತದೆ. ಒಳಗಿನ ಏರ್ಪಾಡು ಇದಕ್ಕಿಂತ ಸೊಗಸು. ಯಾವ ದೀಪ ಯಾವಾಗ ಹೊತ್ತಬೇಕು ಎಂಬುದನ್ನು ಪ್ರತಿ ಎಂಜಿನ್ನಿನ ಕಡತದಲ್ಲೇ ಬರೆದಿಡಬಹುದು: ಎಂಜಿನ್ ಗಾಡಿಯ ಮುಂದಿದೆಯೋ ಕೊನೆಯಲ್ಲಿದೆಯೋ, ಹಗಲೋ ರಾತ್ರಿಯೋ, ಹೆಡ್‌ಲೈಟ್ ಡಿಮ್ಮೋ ಬ್ರೈಟೋ. ಶ್ರದ್ಧೆಯಿಂದ ಬರೆದರೆ ಒಂಟಿ ಎಂಜಿನ್ನಿನ ಮುಂದೆ ಬಿಳಿ, ಹಿಂದೆ ಕೆಂಪು ಮಾರ್ಕರ್ ಲೈಟು ತಾವಾಗಿ ಹೊತ್ತುತ್ತವೆ. ಇಷ್ಟಕ್ಕೆ ಪೂರ್ಣ ಅಂಕ ಕೊಡಬಹುದು.

ಕೊರತೆ ಇರುವುದು ಶಿಸ್ತಿನಲ್ಲಿ. ಕೋಲಾರ–ಚಿಕ್ಕಬಳ್ಳಾಪುರ ಮಾರ್ಗ 2013ರಲ್ಲಿ ಬ್ರಾಡ್‌ಗೇಜ್ ಆದರೂ ಒಂಟಿ ಹಳಿಯದು. ಶ್ರೀನಿವಾಸಪುರದಂಥ ನಿಲ್ದಾಣದಲ್ಲಿ ಕ್ರಾಸಿಂಗ್‌ಗೆ ಕಾದು ನಿಂತ ಗಾಡಿ ಹೆಡ್‌ಲೈಟ್ ತಗ್ಗಿಸದಿದ್ದರೆ ಎದುರಿನವನ ಕಣ್ಣು ಕುಕ್ಕುತ್ತದೆ. ಓಪನ್ ರೈಲ್ಸ್‌ನಲ್ಲಿ ಇಡೀ ರಾತ್ರಿ ಬ್ರೈಟ್‌ನಲ್ಲೇ ಓಡಿಸಿದರೂ ಯಾರಿಗೂ ಏನೂ ಆಗುವುದಿಲ್ಲ. ವೇಗ ಮೀರಿದ್ದನ್ನು ಲೆಕ್ಕ ಇಡುವ ತಂತ್ರಾಂಶ ಇದನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ.

ಅದಕ್ಕಿಂತ ದೊಡ್ಡ ಲೋಪ ಫ್ಲ್ಯಾಷರ್‌ನದು. ನಮ್ಮ ಎಂಜಿನ್ನುಗಳ ಮುಂಭಾಗದಲ್ಲಿ ಮಿನುಗುವ ಹಳದಿ ದೀಪ ಅದು. ಮಾಲೂರು–ಬಂಗಾರಪೇಟೆಯ ಜೋಡಿ ಹಳಿಯಲ್ಲಿ ಬ್ರೇಕ್ ಪೈಪಿನ ಒತ್ತಡ ಏಕಾಏಕಿ ಕುಸಿದು ಗಾಡಿ ನಿಂತಿತು ಎನ್ನಿ. ಬೋಗಿ ಹಳಿ ತಪ್ಪಿ ಪಕ್ಕದ ಹಳಿಗೆ ಅಡ್ಡ ಬಿದ್ದಿರಬಹುದು. ಪೈಲಟ್ ತಕ್ಷಣ ಫ್ಲ್ಯಾಷರ್ ಹಾಕಬೇಕು. ಎದುರು ಬರುವವನು ಅದನ್ನು ಕಂಡೊಡನೆ ಗಾಡಿ ನಿಲ್ಲಿಸಿ, ತನ್ನ ಹಳಿ ಸುರಕ್ಷಿತವೇ ಎಂದು ತಿಳಿದೇ ಮುಂದುವರಿಯಬೇಕು. ಕ್ಯಾಬಿನ ಸ್ವಿಚ್ಚುಗಳಲ್ಲಿ ನೂರಾರು ಜೀವ ಕಾಯುವ ಸ್ವಿಚ್ಚಿದು. ಓಪನ್ ರೈಲ್ಸ್‌ನಲ್ಲಿ ಅದಕ್ಕೆಂದೇ ಮೀಸಲಾದ ಕೀ ಇಲ್ಲ. ಅದನ್ನು ಕಂಡು ಎದುರಿನ ಗಾಡಿ ನಿಲ್ಲುವ ಮಾತಂತೂ ದೂರವೇ ಉಳಿಯಿತು.

ಹಳಿಯೇ ಇಲ್ಲದ ಮುಳಬಾಗಿಲಿನ ಹುಡುಗಿಯೊಬ್ಬಳು ಲೋಕೋ ಪೈಲಟ್ ಆಗಬೇಕೆಂದು ಆಸೆಪಟ್ಟರೆ ಅವಳಿಗೆ ಮೊದಲು ಸಿಗುವ ಕ್ಯಾಬ್ ಕಂಪ್ಯೂಟರಿನದೇ. ಅಲ್ಲಿ ಆಕೆ ಹೆಡ್‌ಲೈಟ್ ಕಲಿತು ಫ್ಲ್ಯಾಷರ್ ಕಲಿಯದೆ ಹೋಗಬಾರದು. ಓಪನ್ ರೈಲ್ಸ್‌ನ ಮೂಲ ಕೋಡ್ ಎಲ್ಲರಿಗೂ ಮುಕ್ತವಾಗಿದೆ, ತಿದ್ದಲೂಬಹುದು. ಕೋಡ್ ಬರೆಯಬಲ್ಲ ಕನ್ನಡದ ರೈಲು ಪ್ರಿಯರು ಹೊಸ ಎಂಜಿನ್ನಿಗೆ ಬಣ್ಣ ಹಚ್ಚುವ ಮುನ್ನ ಈ ಕೀ ಸೇರಿಸುವ ಕೆಲಸಕ್ಕೆ ಕೈ ಹಾಕಲಿ.