ಅರ್ಜಿಯನ್ನೂ ಓದೋಣ

ವಿಮರ್ಶೆ ಎಂದರೆ ಕಥೆ, ಕವಿತೆ, ಕಾದಂಬರಿಗಳದ್ದೇ ಆಗಬೇಕೆಂದು ಯಾರೂ ಕಟ್ಟಳೆ ಮಾಡಿಲ್ಲ. ನಮ್ಮ ಕಡೆಯ ಹೆಣ್ಣುಮಕ್ಕಳು ಹೆಚ್ಚು ಸಲ ಓದುವ, ಓದಿ ಹೆದರುವ ಬರಹ ಯಾವುದು ಎಂದು ಕೇಳಿದರೆ ನಾನು ಅರ್ಜಿ ಎನ್ನುತ್ತೇನೆ. ಅದರಲ್ಲೂ ವಿಶ್ವವಿದ್ಯಾಲಯದ ಅರ್ಜಿ. ಅದಕ್ಕೂ ಒಬ್ಬ ಲೇಖಕ ಇದ್ದಾನೆ, ಹೆಸರು ಹಾಕಿಕೊಂಡಿಲ್ಲ ಅಷ್ಟೆ. ಅವನ ಮನಸ್ಸಿನಲ್ಲಿ ಒಬ್ಬ ಓದುಗನೂ ಇದ್ದಾನೆ. ಆ ಓದುಗ ಬೆಂಗಳೂರಿನಲ್ಲೇ ಮನೆ ಮಾಡಿಕೊಂಡವನು, ಹುಟ್ಟಿದಾಗ ಇಟ್ಟ ಹೆಸರಿನಲ್ಲೇ ಕೊನೆಯತನಕ ಇರುವವನು, ಬೆಳಿಗ್ಗೆ ಹನ್ನೊಂದು ಗಂಟೆಗೆ ಬಿಡುವಾಗಿರುವವನು. ಚನ್ನಪಟ್ಟಣದ ಸೊಸೆಯಂತೂ ಅಲ್ಲ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ಈ ನಾಲ್ಕು ಊರುಗಳ ಪದವಿಯ ಕಥೆ ಯಾವಾಗಲೂ ದೂರದ ಕಥೆಯೇ. ೧೯೧೬ರಲ್ಲಿ ಮೈಸೂರು ವಿಶ್ವವಿದ್ಯಾಲಯ ಹುಟ್ಟಿದ ಮೇಲೆ ನಮ್ಮವರ ಅಂಕಗಳು ಮೈಸೂರಿನಲ್ಲಿದ್ದವು. ೧೯೬೪ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯವಾಯಿತು, ಆಮೇಲೆ ಜ್ಞಾನಭಾರತಿಯ ದಾರಿ ರೂಢಿಯಾಯಿತು. ೨೦೦೭ರಲ್ಲಿ ರಾಮನಗರ ಜಿಲ್ಲೆಯಾಯಿತು. ೨೦೨೫ರಲ್ಲಿ ಜಿಲ್ಲೆಯ ಹೆಸರೇ ಬೆಂಗಳೂರು ದಕ್ಷಿಣ ಎಂದಾಯಿತು. ನಡುವೆ ೨೦೧೭ರಲ್ಲಿ, ನೂರಾರು ಕಾಲೇಜುಗಳ ಹೊರೆ ಒಂದೇ ಕಚೇರಿಗೆ ಹೆಚ್ಚಾಯಿತೆಂದು ವಿಶ್ವವಿದ್ಯಾಲಯವನ್ನು ಮೂರು ಮಾಡಿದರು. ಸೆಂಟ್ರಲ್ ಕಾಲೇಜಿನ ಕಡೆಗೊಂದು, ಕೋಲಾರದ ಕಡೆಗೊಂದು. ನಾವು ಜ್ಞಾನಭಾರತಿಯ ಪಾಲಿಗೇ ಉಳಿದೆವು.

ರಾಮನಗರ, ಚನ್ನಪಟ್ಟಣದವರಿಗೆ ಮೈಸೂರು ರಸ್ತೆಯಲ್ಲೇ ಇಳಿದುಕೊಳ್ಳಬಹುದು. ಕನಕಪುರದವಳು ಬನಶಂಕರಿಯ ಕಡೆಯಿಂದ, ಮಾಗಡಿಯವಳು ಮಾಗಡಿ ರಸ್ತೆಯಿಂದ ಊರು ಹೊಕ್ಕು ಇನ್ನೊಂದು ಬಸ್ಸು ಹಿಡಿಯಬೇಕು. ೨೦೨೩ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿನ ದುಡ್ಡು ಉಳಿಯಿತು, ನಿಜ. ದಿನ ಉಳಿಯಲಿಲ್ಲ. ಮಗುವನ್ನು ಯಾರ ಹತ್ತಿರ ಬಿಟ್ಟು ಹೋಗುವುದು, ಅತ್ತೆಗೆ ಏನು ಹೇಳುವುದು, ಅಂಗಡಿಯ ಕೆಲಸಕ್ಕೆ ರಜೆ ಹೇಗೆ ಕೇಳುವುದು, ಇದನ್ನೆಲ್ಲ ಬರೆದುಕೊಳ್ಳಲು ಅರ್ಜಿಯಲ್ಲಿ ಜಾಗವಿಲ್ಲ.

ಹೆಸರಿನ ಸಾಲಿಗೆ ಬರೋಣ. ನನಗೆ ಇಡೀ ಅರ್ಜಿಯಲ್ಲಿ ಅದೇ ಅತಿ ಕ್ರೂರವಾದ ಸಾಲು. ಪದವಿ ಪತ್ರದ ಹೆಸರು ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ಇದ್ದಂತೆಯೇ ಇರಬೇಕು. ಆ ಹೆಸರನ್ನು ಬರೆಸಿದವರು ಯಾರು? ಒಂದನೇ ತರಗತಿಗೆ ಸೇರಿಸಲು ಹೋದ ಚಿಕ್ಕಪ್ಪನೋ, ಕೇಳಿಸಿದಂತೆ ಬರೆದುಕೊಂಡ ಮೇಷ್ಟ್ರೋ. ಸವಿತ ಎಂದು ಮನೆಯವರು ಕರೆದರೆ ಇಂಗ್ಲಿಷಿನ ಸವಿತಾಗೆ ಒಂದು ಎಚ್ ಇರಬೇಕೋ ಬೇಡವೋ ಎಂಬುದು ಆ ಗಳಿಗೆಯಲ್ಲಿ ತೀರ್ಮಾನವಾಗಿಬಿಡುತ್ತದೆ. ಇನಿಷಿಯಲ್ ಒಂದು ಕಡೆ ಹಿಂದೆ, ಇನ್ನೊಂದು ಕಡೆ ಮುಂದೆ. ಆಧಾರ್‌ನಲ್ಲಿ ಗಂಡನ ಹೆಸರು ಬಂದಿರುತ್ತದೆ. ಆಮೇಲೆ ನೋಟರಿ ಮುಂದೆ ಪ್ರಮಾಣಪತ್ರ, ಪತ್ರಿಕೆಯಲ್ಲಿ ಜಾಹೀರಾತು, 'ಇಬ್ಬರೂ ಒಬ್ಬಳೇ' ಎಂದು ಸಾಬೀತು ಮಾಡುವ ಪರದಾಟ. ಗಂಡಸರಿಗೂ ಇದು ಬರುವುದುಂಟು. ಆದರೆ ಮದುವೆಯಲ್ಲಿ ಹೆಸರು ಬದಲಾಯಿಸುವ ಶಾಸ್ತ್ರ ಅವರಿಗಿಲ್ಲವಲ್ಲ.

೨೦೨೧ರಲ್ಲಿ ಹೊಸ ಶಿಕ್ಷಣ ನೀತಿಯ ಜೊತೆಜೊತೆಗೆ ಏಕೀಕೃತ ವಿಶ್ವವಿದ್ಯಾಲಯ ಮತ್ತು ಕಾಲೇಜು ನಿರ್ವಹಣಾ ವ್ಯವಸ್ಥೆ ಬಂತು. ಬಾಯಿಗೆ ದೊಡ್ಡದಾಯಿತೆಂದು ಎಲ್ಲರೂ ಯು.ಯು.ಸಿ.ಎಂ.ಎಸ್. ಎನ್ನುತ್ತಾರೆ. ಪ್ರವೇಶ, ಪರೀಕ್ಷಾ ಶುಲ್ಕ, ಫಲಿತಾಂಶ ಎಲ್ಲವೂ ಒಂದೇ ಕಡೆ. ಯೋಚನೆ ಒಳ್ಳೆಯದೇ. ಆದರೆ ಮೊದಲ ವರ್ಷಗಳಲ್ಲಿ ಫಲಿತಾಂಶ ತಡವಾದದ್ದು, ಅಂಕಗಳು ತಪ್ಪಾಗಿ ಬಂದದ್ದು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಸುದ್ದಿಯಾಯಿತು. ೨೦೨೪ರಲ್ಲಿ ನಾಲ್ಕು ವರ್ಷದ ಪದವಿ ಬಿಟ್ಟು ಮೂರು ವರ್ಷಕ್ಕೆ ಮರಳಿದ್ದರಿಂದ ಒಂದೇ ಕಾಲೇಜಿನಲ್ಲಿ ಅಕ್ಕನಿಗೊಂದು ಕ್ರಮ, ತಂಗಿಗೊಂದು ಕ್ರಮ. ನನ್ನ ತಕರಾರು ಯಂತ್ರದ ಮೇಲಲ್ಲ. ಕಾಗದದ ಅರ್ಜಿಯಲ್ಲಿದ್ದ ಮೆಟ್ಟಿಲುಗಳನ್ನು ಒಂದೂ ಕಡಿಮೆ ಮಾಡದೆ ಹಾಗೆಯೇ ಎತ್ತಿ ತೆರೆಯ ಮೇಲಿಟ್ಟರೆ ಸುಧಾರಣೆಯಾಯಿತೇ? ಕಿಟಕಿಯ ಮುಂದಿನ ಸಾಲು ಸೈಬರ್ ಅಂಗಡಿಯ ಮುಂದಕ್ಕೆ ಬಂತು. ಗುಮಾಸ್ತೆ ಮಾಡುತ್ತಿದ್ದ ಕೆಲಸವನ್ನು ಹುಡುಗಿಯೇ ದುಡ್ಡು ಕೊಟ್ಟು ಮಾಡಿಸುತ್ತಾಳೆ. ಕಾಲೇಜಿನ ಒಳಗೂ ಅಷ್ಟೆ: ಪಾಠ ಮಾಡಬೇಕಾದ ಅತಿಥಿ ಉಪನ್ಯಾಸಕಿ ಕಂಪ್ಯೂಟರಿನ ಮುಂದೆ ಕುಳಿತು ಮಾಹಿತಿ ತುಂಬಬೇಕಾಗುತ್ತದೆ. ಅವಳಿಗೂ ಇದು ನೌಕರಿಯ ಭಾಗವೋ ಉಪಕಾರವೋ ತಿಳಿಯದು.

ನಮ್ಮೂರಲ್ಲೇ ಒಂದು ಹೋಲಿಕೆ ಇದೆ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಗೆ ಹೋಗಿ ನೋಡಿ. ತಂದ ಗೂಡಿಗೆ ಲಾಟ್ ಸಂಖ್ಯೆ ಬೀಳುತ್ತದೆ, ಹರಾಜು ಈಗ ಕಂಪ್ಯೂಟರಿನಲ್ಲಿ, ಬೆಲೆ ಎಲ್ಲರ ಕಣ್ಣಿಗೂ ಕಾಣುತ್ತದೆ, ತೂಕವಾಗುತ್ತದೆ, ಚೀಟಿ ಕೈಗೆ ಬರುತ್ತದೆ. ಅಲ್ಲೂ ಜಗಳವಿಲ್ಲದಿಲ್ಲ. ಆದರೆ ತಡ ಮಾಡಿದರೆ ಚಿಟ್ಟೆ ಗೂಡು ಕೊರೆದು ಹೊರಬರುತ್ತದೆ, ಕೊರೆದ ಗೂಡಿನಲ್ಲಿ ನೂಲು ಬಿಚ್ಚಲಾಗದು ಎಂಬುದು ಅಲ್ಲಿ ಎಲ್ಲರಿಗೂ ಗೊತ್ತು. ನೌಕರಿಯ ಅರ್ಜಿಯ ಕೊನೆಯ ದಿನ ದಾಟಿದ ಮೇಲೆ ಬರುವ ಅಂಕಪಟ್ಟಿಯೂ ಕೊರೆದ ಗೂಡೇ. ಆದರೆ ನಷ್ಟ ಒಬ್ಬ ಹುಡುಗಿಯದಾದ್ದರಿಂದ ಯಾವ ಲೆಕ್ಕದಲ್ಲೂ ಕಾಣುವುದಿಲ್ಲ. ಬಿ.ಎಡ್.ಗೆ ಸೇರಲಾಗದೆ ಒಂದು ವರ್ಷ ಮನೆಯಲ್ಲಿ ಕೂತವಳಿಗೆ ಆ ವರ್ಷದಲ್ಲಿ ಗಂಡು ನೋಡಿಬಿಡುತ್ತಾರೆ. ಮುಂದಿನ ವರ್ಷ ಓದು ಎನ್ನುವುದು ಇಲ್ಲ.

ರಾಜ್ಯದಲ್ಲಿ ೨೦೧೨ರ ಏಪ್ರಿಲ್‌ನಿಂದ ಸಕಾಲ ಇದೆ. ಗಡುವು ಮೀರಿದರೆ ದಿನಕ್ಕೆ ೨೦ ರೂಪಾಯಿಯಂತೆ, ೫೦೦ರವರೆಗೆ, ಅರ್ಜಿದಾರರಿಗೆ ಪರಿಹಾರ ಕೊಡಬೇಕೆಂದು ಕಾಯಿದೆಯೇ ಹೇಳುತ್ತದೆ. ಇಪ್ಪತ್ತು ರೂಪಾಯಿಗೆ ಈಗ ಒಂದು ಮೊಳ ಹೂವೂ ಕಷ್ಟ. ನನಗೆ ಬೇಕಾದದ್ದು ಆ ದುಡ್ಡಲ್ಲ, ಗಡುವು ಎಂಬ ಮಾತು. ವಿಶ್ವವಿದ್ಯಾಲಯದ ಪ್ರತಿ ಕಿಟಕಿಗೂ ಆ ಅಳತೆಗೋಲು ಹಿಡಿಯಬೇಕು. ಹೆಸರಿನ ತಿದ್ದುಪಡಿ, ಅಂಕಪಟ್ಟಿಯ ನಕಲು ಇಂಥ ಕೆಲಸಗಳನ್ನು ಆಯಾ ಊರಿನ ಪದವಿ ಕಾಲೇಜಿನಲ್ಲೇ ತೆಗೆದುಕೊಂಡು, ಅಲ್ಲೇ ಕೊಡಬೇಕು. ಕಡತ ಬೆಂಗಳೂರಿಗೆ ಹೋಗಿಬರಲಿ, ಹುಡುಗಿ ಯಾಕೆ ಹೋಗಬೇಕು? ಅದಕ್ಕೆ ಕಾಲೇಜಿಗೊಬ್ಬ ಖಾಯಂ ಗುಮಾಸ್ತೆ ಬೇಕು. ಅತಿಥಿಗಳ ಕೈಯಲ್ಲಿ ಆಗುವ ಕೆಲಸವಲ್ಲ.

ಇನ್ನು ಅರ್ಜಿಯ ಕೊನೆಯ ಚೌಕ, 'ಕಚೇರಿಯ ಉಪಯೋಗಕ್ಕೆ ಮಾತ್ರ' ಎಂಬುದು. ಅದರೊಳಗೆ ಎರಡು ತಾರೀಖು ಇರಲಿ, ತಲುಪಿದ್ದು ಮತ್ತು ಕೊಡುವುದು. ಜೊತೆಗೆ ಕೆಲಸ ವಹಿಸಿಕೊಂಡವರ ಹೆಸರು, ಓದಲು ಬರುವ ಅಕ್ಷರದಲ್ಲಿ. ಆ ಚೌಕದ ಅರ್ಧವನ್ನು ಹರಿದು ಅವಳ ಕೈಗೆ ಕೊಡಲಿ.