ಬರಿಗೈಯ ಪ್ರತಿಭಟನೆ

ತಾಳವಾದ್ಯಗಾರ ಒಬ್ಬನೇ ವೇದಿಕೆಗೆ ಬಂದರೆ ನಾವು ಅಬ್ಬರವನ್ನು ನಿರೀಕ್ಷಿಸುತ್ತೇವೆ. ಅಮೆರಿಕದ ಸಂಗೀತ ರಚನಕಾರ ಮಾರ್ಟನ್ ಫೆಲ್ಡ್‌ಮನ್ (1926–1987) 1964ರಲ್ಲಿ ರಚಿಸಿದ ‘ದಿ ಕಿಂಗ್ ಆಫ್ ಡೆನ್ಮಾರ್ಕ್’ ಈ ನಿರೀಕ್ಷೆಯನ್ನೇ ಸುಳ್ಳು ಮಾಡುತ್ತದೆ. ಚರ್ಮವಾದ್ಯ, ಜಾಗಟೆ, ಗಂಟೆ, ಸಿಂಬಲ್ ಎಲ್ಲವೂ ಇವೆ. ಆದರೆ ಕೋಲು ಮುಟ್ಟುವಂತಿಲ್ಲ. ಬೆರಳು, ಅಂಗೈ, ತೋಳಿನಿಂದಲೇ ನುಡಿಸಬೇಕು. ಅದೂ ಆದಷ್ಟು ಮೆಲ್ಲಗೆ. ತಬಲ, ದಫ್ ಕೇಳಿ ಬೆಳೆದ ನಮಗೆ ಕೈಯಿಂದ ನುಡಿಸುವುದು ಹೊಸದಲ್ಲ. ಆದರೆ ಪಾಶ್ಚಾತ್ಯ ವಾದ್ಯವೃಂದದ ತಾಳವಾದ್ಯಗಾರನಿಗೆ ಕೋಲೇ ಬಲ. ಫೆಲ್ಡ್‌ಮನ್ ಆ ಬಲವನ್ನೇ ಕಿತ್ತುಕೊಂಡಿದ್ದಾರೆ.

ಇದರ ಲಿಪಿಯಲ್ಲಿ ಬಹುತೇಕ ಸ್ವರಗಳ ಬದಲು ಚೌಕಗಳಿವೆ. ಮೇಲು, ನಡು, ಕೆಳಗು ಎಂಬ ಮೂರು ಸ್ಥಾಯಿಗಳು. ಎಷ್ಟು ನಾದ ಎಂದು ಹೇಳುವ ಅಂಕಿಗಳು. ವಾದ್ಯಗಳ ಆಯ್ಕೆ ಬಹುಮಟ್ಟಿಗೆ ವಾದಕನದು. ಜೋರು ಮಾಡುವ ಸ್ವಾತಂತ್ರ್ಯ ಮಾತ್ರ ಅವನಿಗಿಲ್ಲ.

ಶೀರ್ಷಿಕೆಯ ಹಿಂದೆ ಒಂದು ಕಥೆಯಿದೆ. ಯಹೂದಿಯರು ಹಳದಿ ನಕ್ಷತ್ರ ಧರಿಸಬೇಕೆಂದು ನಾಝಿಗಳು ಆಜ್ಞಾಪಿಸಿದಾಗ ಡೆನ್ಮಾರ್ಕಿನ ದೊರೆ ಹತ್ತನೇ ಕ್ರಿಶ್ಚಿಯನ್ ತಾನೂ ಅದನ್ನು ಧರಿಸಿ ಬೀದಿಗಿಳಿದರಂತೆ. ಸ್ವತಃ ಯಹೂದಿಯಾಗಿದ್ದ ಫೆಲ್ಡ್‌ಮನ್ ತಮ್ಮ ರಚನೆಗೆ ಈ ಕಥೆಯ ನಂಟು ಹೇಳಿದ್ದಾರೆ. ಆದರೆ ಇದು ಇತಿಹಾಸವಲ್ಲ. ಡೆನ್ಮಾರ್ಕಿನಲ್ಲಿ ಅಂಥ ಆಜ್ಞೆ ಹೊರಡಲೇ ಇಲ್ಲ. ನಡೆದದ್ದು ಬೇರೆ. 1943ರಲ್ಲಿ ಸಾಮೂಹಿಕ ಬಂಧನದ ಸುಳಿವು ಸಿಕ್ಕಾಗ ಸಾಮಾನ್ಯ ಜನರು ಯಹೂದಿಯರನ್ನು ಮನೆ, ಆಸ್ಪತ್ರೆ, ಚರ್ಚುಗಳಲ್ಲಿ ಅಡಗಿಸಿಟ್ಟರು. ಮೀನುಗಾರರ ದೋಣಿಗಳಲ್ಲಿ ಸ್ವೀಡನ್‌ಗೆ ದಾಟಿಸಿದರು. ಕೆಲವು ಮೀನುಗಾರರು ಅದಕ್ಕೆ ಹಣ ಪಡೆದದ್ದೂ ನಿಜ. ಆದರೂ 7,000ಕ್ಕೂ ಹೆಚ್ಚು ಯಹೂದಿಯರು ಪಾರಾದರು.

ಕಥೆ ಸುಳ್ಳಾದರೆ ಸಂಗೀತವೂ ಸುಳ್ಳಾಗುವುದೇ? ಇಲ್ಲ, ಅದು ಇನ್ನಷ್ಟು ನಿಜವಾಗುತ್ತದೆ ಎಂದು ನಮಗನಿಸುತ್ತದೆ. ಈ ರಚನೆಯಲ್ಲಿ ದೊರೆಯಂತೆ ಮೆರೆಯುವ ಒಂದೇ ಒಂದು ನಾದವಿಲ್ಲ. ಸಣ್ಣ ಸಣ್ಣ ನಾದಗಳು ಬರುತ್ತವೆ, ಹೋಗುತ್ತವೆ. ಯಾವುದೂ ತನ್ನ ಹೆಸರು ಕೂಗುವುದಿಲ್ಲ. ಕತ್ತಲಲ್ಲಿ ದೋಣಿ ಹತ್ತಿಸಿದವರ ಕೆಲಸವೂ ಹೀಗೆಯೇ ಇತ್ತು. ಅಲ್ಲಿ ಸದ್ದು ಮಾಡಿದ್ದರೆ ಜೀವ ಹೋಗುತ್ತಿತ್ತು. ಶೀರ್ಷಿಕೆ ಒಬ್ಬ ವೀರನನ್ನು ಹುಡುಕುತ್ತದೆ. ಸಂಗೀತ ಹೆಸರಿಲ್ಲದವರನ್ನು ನೆನಪಿಸುತ್ತದೆ.

ಕೊರತೆಯೂ ಇದೆ. ಗದ್ದಲದ ಸಭಾಂಗಣದಲ್ಲಿ ಈ ರಚನೆ ಸತ್ತೇಹೋಗುತ್ತದೆ. ಧ್ವನಿಮುದ್ರಿಕೆಯನ್ನು ಕೇಳುವಾಗ ನಾವು ಶಬ್ದ ಹೆಚ್ಚಿಸಿಕೊಂಡರೆ ಬೆರಳಿನ ಸ್ಪರ್ಶವೇ ಏಟಾಗುತ್ತದೆ. ಕೇಳುಗರೂ ತಾಳ್ಮೆಯಿಂದ ಸಹಕರಿಸದಿದ್ದರೆ ಇದು ನಿಲ್ಲಲಾರದು.

ಮೌನದ ಪ್ರತಿಭಟನೆಯಿಂದ ಏನಾದೀತು ಎಂದು ಕೇಳುವವರಿದ್ದಾರೆ. ಅನ್ಯಾಯವನ್ನು ಕಂಡೂ ಸುಮ್ಮನಿರುವ ಮೌನದಿಂದ ಏನೂ ಆಗದು. ಆದರೆ ಸುಮ್ಮನಿರುವುದೂ ಸದ್ದಿಲ್ಲದೆ ಮಾಡುವುದೂ ಒಂದೇ ಅಲ್ಲ. ನೆರೆಯವನಿಗಾಗಿ ನಡುರಾತ್ರಿ ಬಾಗಿಲು ತೆರೆಯುವ ಕೈ ಸದ್ದು ಮಾಡುವುದಿಲ್ಲ. ಆ ಕೈಯನ್ನು ಕೇಳಿಸಿಕೊಳ್ಳಲು ಈ ಕೆಲವೇ ನಿಮಿಷಗಳ ಸಂಗೀತ ನಮ್ಮ ಕಿವಿಯನ್ನು ಅಣಿಗೊಳಿಸುತ್ತದೆ.