ವೇಳಾಪಟ್ಟಿಯ ಒಡೆತನ: ಸ್ಕಾಟ್ಲೆಂಡ್ ಸಂಸತ್ತಿನ ಕಲಾಪ ಪದ್ಧತಿ

ಶಾಸನಸಭೆಯೊಂದರಲ್ಲಿ ಯಾವ ವಿಷಯ ಯಾವ ದಿನ, ಎಷ್ಟು ಹೊತ್ತು ಚರ್ಚೆಗೆ ಬರಬೇಕು ಎಂಬುದನ್ನು ನಿರ್ಧರಿಸುವವರ ಕೈಯಲ್ಲೇ ಆ ಸಭೆಯ ಅಧಿಕಾರದ ಬಹುಪಾಲು ಇರುತ್ತದೆ. ಬಹುಮತ ಯಾರದೇ ಆಗಿರಲಿ, ಕಾರ್ಯಸೂಚಿಗೆ ಸೇರದ ವಿಷಯದ ಮೇಲೆ ಮತ ಹಾಕಲು ಯಾರಿಗೂ ಸಾಧ್ಯವಿಲ್ಲ. ಲಂಡನ್ನಿನ ಕಾಮನ್ಸ್ ಸಭೆಯಲ್ಲಿ ಈ ಅಧಿಕಾರ ಬಹುಕಾಲದಿಂದ ಸರ್ಕಾರದ್ದು. ಕೆಲವು ವಿನಾಯಿತಿಗಳನ್ನು ಬಿಟ್ಟರೆ ಪ್ರತಿ ಬೈಠಕ್‌ನಲ್ಲಿಯೂ ಸರ್ಕಾರದ ಕೆಲಸಕ್ಕೇ ಆದ್ಯತೆ ಎಂದು ಅದರ ನಿಯಮಾವಳಿಯೇ ಹೇಳುತ್ತದೆ. ಅದೇ ಲಂಡನ್ ಸಂಸತ್ತು 1998ರ ಸ್ಕಾಟ್ಲೆಂಡ್ ಕಾಯ್ದೆಯ ಮೂಲಕ ಶಿಕ್ಷಣ, ಆರೋಗ್ಯ, ನ್ಯಾಯಾಡಳಿತದಂಥ ಕ್ಷೇತ್ರಗಳ ಶಾಸನಾಧಿಕಾರವನ್ನು ಎಡಿನ್‌ಬರೊದ ಸಭೆಯೊಂದಕ್ಕೆ ವಹಿಸಿಕೊಟ್ಟಾಗ, ಅಂದರೆ ಅಧಿಕಾರ ಹಂಚಿಕೆಯಿಂದ ಹೊಸ ಸಂಸತ್ತೊಂದನ್ನು ರೂಪಿಸಿದಾಗ, ಆ ಹೊಸ ಸಭೆ ತನ್ನ ಸಮಯವನ್ನು ತಾನೇ ಆಳಿಕೊಳ್ಳಬೇಕೆಂಬ ಆಶಯ ಅದರ ರೂಪುರೇಷೆಯಲ್ಲೇ ಸೇರಿಕೊಂಡಿತು. ಆ ಆಶಯ ಎಷ್ಟರಮಟ್ಟಿಗೆ ಈಡೇರಿದೆ ಎಂಬುದನ್ನು ಅಳೆಯಲು ಅಲ್ಲಿನ ಘೋಷಣೆಗಳಿಗಿಂತ ಅಲ್ಲಿನ ವೇಳಾಪಟ್ಟಿಯನ್ನು ಪರಿಶೀಲಿಸುವುದೇ ಸರಿಯಾದ ದಾರಿ.

ಹೊಸ ಸಂಸತ್ತಿನ ಕಾರ್ಯವಿಧಾನವನ್ನು ಚಿಂತಿಸಲು ಹೆನ್ರಿ ಮೆಕ್‌ಲೀಶ್ ಅವರ ಅಧ್ಯಕ್ಷತೆಯಲ್ಲಿ ನೇಮಕವಾದ ಸಮಾಲೋಚನಾ ತಂಡವು ಅಧಿಕಾರದ ಹಂಚಿಕೆ, ಉತ್ತರದಾಯಿತ್ವ, ಜನರ ಪ್ರವೇಶ ಮತ್ತು ಪಾಲ್ಗೊಳ್ಳುವಿಕೆ, ಸಮಾನ ಅವಕಾಶ ಎಂಬ ನಾಲ್ಕು ತತ್ವಗಳನ್ನು ಮುಂದಿಟ್ಟಿತು. ಈ ತತ್ವಗಳು ಕಾರ್ಯಸೂಚಿಯ ವಿಷಯದಲ್ಲಿ ಪಡೆದ ಮೂರ್ತರೂಪವೇ ಪಾರ್ಲಿಮೆಂಟರಿ ಬ್ಯೂರೋ. ಸಭಾಧ್ಯಕ್ಷರ ಸ್ಥಾನದಲ್ಲಿರುವ ಪ್ರಿಸೈಡಿಂಗ್ ಆಫೀಸರ್ ಇದನ್ನು ನಡೆಸುತ್ತಾರೆ. ಐದು ಅಥವಾ ಅದಕ್ಕಿಂತ ಹೆಚ್ಚು ಸದಸ್ಯರಿರುವ ಪ್ರತಿ ಪಕ್ಷದಿಂದ ಒಬ್ಬ ಪ್ರತಿನಿಧಿ ಇರುತ್ತಾರೆ, ಸಣ್ಣ ಪಕ್ಷಗಳವರೂ ಪಕ್ಷೇತರರೂ ಐವರಾಗಿ ಗುಂಪುಗೂಡಿದರೆ ಅವರಿಗೂ ಒಂದು ಸ್ಥಾನ ದೊರೆಯುತ್ತದೆ. ಕರ್ನಾಟಕದ ವಿಧಾನಸಭೆಯ ಕಲಾಪ ಸಲಹಾ ಸಮಿತಿಯನ್ನು ಬಲ್ಲ ಓದುಗರಿಗೆ ಈ ರಚನೆ ಅಪರಿಚಿತವೆನಿಸದು. ಬ್ಯೂರೋ ತಾನೇ ಆಜ್ಞೆ ಹೊರಡಿಸುವುದಿಲ್ಲ. ಅದು ಸಿದ್ಧಪಡಿಸಿದ ಕಾರ್ಯಕ್ರಮವನ್ನು ನಿಲುವಳಿಯ ರೂಪದಲ್ಲಿ ಸದನದ ಮುಂದಿಡಬೇಕು, ಸದನ ಅದನ್ನು ಒಪ್ಪಬಹುದು, ತಿದ್ದಬಹುದು, ತಿರಸ್ಕರಿಸಲೂಬಹುದು. ಕಾರ್ಯಸೂಚಿಯೂ ಸದನದ ಸಮ್ಮತಿ ಬೇಡುವ ನಿರ್ಣಯ ಎಂಬ ಈ ತಿಳಿವಳಿಕೆಯೇ ಸ್ಕಾಟ್ಲೆಂಡ್ ಪದ್ಧತಿಯ ಮೊದಲ ಸಾಧನೆ.

ವಾರದ ವಿನ್ಯಾಸದಲ್ಲಿಯೂ ಚಿಂತನೆಯ ಗುರುತುಗಳಿವೆ. ಮಂಗಳವಾರದಿಂದ ಗುರುವಾರದವರೆಗೆ ಬೆಳಿಗ್ಗೆ ಸಮಿತಿಗಳು, ಮಧ್ಯಾಹ್ನ ಪೂರ್ಣ ಸದನ ಸೇರುವುದು ವಾಡಿಕೆ. ಹೀಗಾಗಿ ಸಮಿತಿಯ ವಿಚಾರಣೆಗೂ ಸದನದ ಚರ್ಚೆಗೂ ನಡುವೆ ಯಾವುದನ್ನು ಬಿಡಬೇಕೆಂಬ ಇಕ್ಕಟ್ಟು ಸದಸ್ಯರಿಗೆ ಸಾಮಾನ್ಯವಾಗಿ ಬರುವುದಿಲ್ಲ. ಸೋಮವಾರ ಮತ್ತು ಶುಕ್ರವಾರ ಬಹುಮಟ್ಟಿಗೆ ಕ್ಷೇತ್ರದ ಕೆಲಸಕ್ಕೆ ಮೀಸಲು. ಅಧಿವೇಶನದ ಬಿಡುವನ್ನು ನಿಗದಿಪಡಿಸುವಾಗ ಸ್ಕಾಟ್ಲೆಂಡಿನ ಶಾಲೆಗಳ ರಜಾದಿನಗಳನ್ನು ಗಮನಕ್ಕೆ ತೆಗೆದುಕೊಳ್ಳಬೇಕೆಂದು ನಿಯಮಾವಳಿಯೇ ಸೂಚಿಸುತ್ತದೆ; ಮಕ್ಕಳನ್ನು ಸಾಕುವ ತಾಯಂದಿರೂ ತಂದೆಯರೂ ಶಾಸಕರಾಗಿ ಉಳಿಯಬೇಕಾದರೆ ಸಮಾನ ಅವಕಾಶವೆಂಬ ತತ್ವ ಗಡಿಯಾರಕ್ಕೂ ಅನ್ವಯವಾಗಬೇಕು ಎಂಬ ವಿವೇಕ ಇದರಲ್ಲಿದೆ.

ಈ ವಿವೇಕದ ಅತ್ಯಂತ ಸ್ಪಷ್ಟ ರೂಪ 'ಡಿಸಿಷನ್ ಟೈಮ್' ಎಂಬ ನಿರ್ಣಯದ ವೇಳೆ. ದಿನವಿಡೀ ಚರ್ಚೆಯಾದ ನಿಲುವಳಿಗಳನ್ನು ಆಗಾಗಲೇ ಮತಕ್ಕೆ ಹಾಕದೆ, ಸಾಮಾನ್ಯವಾಗಿ ಸಂಜೆ 5 ಗಂಟೆಗೆ ಒಟ್ಟಾಗಿ ಕೈಗೆತ್ತಿಕೊಳ್ಳಲಾಗುತ್ತದೆ. ಪ್ರಿಸೈಡಿಂಗ್ ಆಫೀಸರ್ ಒಂದೊಂದೇ ಪ್ರಶ್ನೆಯನ್ನು ಓದಿ ಸದನಕ್ಕೆ ಒಪ್ಪಿಗೆಯೇ ಎಂದು ಕೇಳುತ್ತಾರೆ. ಯಾರಾದರೂ ಒಬ್ಬರು ಇಲ್ಲವೆಂದರೆ ಸಾಕು, ಮತ ವಿಭಜನೆ ನಡೆಯುತ್ತದೆ. ಅರ್ಧವೃತ್ತಾಕಾರದ ಸಭಾಂಗಣದಲ್ಲಿ ಸದಸ್ಯರು ತಮ್ಮ ಮೇಜಿನಿಂದಲೇ ಪರ, ವಿರೋಧ ಅಥವಾ ತಟಸ್ಥ ಎಂದು ವಿದ್ಯುನ್ಮಾನ ಯಂತ್ರದ ಮೂಲಕ ಮತ ನೀಡುತ್ತಾರೆ. 2020ರ ಕೋವಿಡ್ ಕಾಲದಿಂದ ದೂರದಲ್ಲಿದ್ದುಕೊಂಡು ಮತ ನೀಡುವುದಕ್ಕೂ ಅವಕಾಶವಾಗಿದೆ. ತಟಸ್ಥರಾಗಿ ಉಳಿದವರ ಹೆಸರೂ ದಾಖಲಾಗುವುದರಿಂದ ಗೈರುಹಾಜರಿಗೂ ತಟಸ್ಥ ನಿಲುವಿಗೂ ಇರುವ ಅಂತರ ಮತದಾರರಿಗೆ ಕಾಣುತ್ತದೆ. ಪ್ರತಿ ಮತ ವಿಭಜನೆಗೂ ಸದಸ್ಯರು ಎದ್ದು ಎರಡು ಪಡಸಾಲೆಗಳ ಮೂಲಕ ಸಾಲಾಗಿ ಸಾಗಬೇಕಾದ ಕಾಮನ್ಸ್ ಪದ್ಧತಿಯ ಎದುರಿಗೆ ಈ ವ್ಯವಸ್ಥೆ ಸಮಯವನ್ನು ಉಳಿಸುತ್ತದೆ, ನಿರ್ಣಯದ ಗಳಿಗೆ ಯಾವುದೆಂದು ಜನರಿಗೆ ಮೊದಲೇ ತಿಳಿಸುತ್ತದೆ.

ಅಲ್ಪಸಂಖ್ಯಾತರಿಗೂ ಸಮಯದ ಖಾತರಿ ಇದೆ. ಸಂಸದೀಯ ವರ್ಷವೊಂದರಲ್ಲಿ 16 ಅರ್ಧದಿನಗಳು ಸರ್ಕಾರದಲ್ಲಿಲ್ಲದ ಪಕ್ಷಗಳು ಆಯ್ದ ವಿಷಯಗಳಿಗೆ, 12 ಅರ್ಧದಿನಗಳು ಸಮಿತಿಗಳ ಕೆಲಸಕ್ಕೆ ದೊರೆಯುತ್ತವೆ. ಸಮಿತಿಗಳು ತಾವೇ ಮಸೂದೆ ತರಬಹುದು. ಕೌಟುಂಬಿಕ ದೌರ್ಜನ್ಯಕ್ಕೆ ಒಳಗಾದವರ ರಕ್ಷಣೆಯನ್ನು ಬಲಪಡಿಸಿದ 2001ರ ಕಾಯ್ದೆ ಹೀಗೆ ಸಮಿತಿಯೊಂದರಿಂದ ಹುಟ್ಟಿದ ಮೊದಲ ಶಾಸನ. ಸರ್ಕಾರದ ಕೃಪೆಯನ್ನು ಕಾಯದೆ ಸದನ ಕಾನೂನು ಮಾಡಬಲ್ಲದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಆದರೆ ಇಷ್ಟು ಎಚ್ಚರದಿಂದ ಸರ್ಕಾರದ ಕೈಯಿಂದ ಬಿಡಿಸಿದ ವೇಳಾಪಟ್ಟಿ ಕೊನೆಗೆ ಯಾರ ಕೈ ಸೇರಿತು ಎಂಬ ಪ್ರಶ್ನೆಯಲ್ಲಿ ಪದ್ಧತಿಯ ದೌರ್ಬಲ್ಯ ಬಯಲಾಗುತ್ತದೆ. ಬ್ಯೂರೋದಲ್ಲಿ ಪ್ರತಿನಿಧಿಗಳ ಮತಕ್ಕೆ ಸಮಾನ ತೂಕವಿಲ್ಲ. ತಾವು ಪ್ರತಿನಿಧಿಸುವ ಸದಸ್ಯರ ಸಂಖ್ಯೆಯಷ್ಟು ಮತ ಅವರದು. 1999ರಲ್ಲಿ 56 ಸ್ಥಾನಗಳ ಲೇಬರ್ ಮತ್ತು 17 ಸ್ಥಾನಗಳ ಲಿಬರಲ್ ಡೆಮಾಕ್ರಾಟ್ ಪಕ್ಷಗಳು ಸೇರಿ ಸರ್ಕಾರ ರಚಿಸಿದಾಗ, 129 ಸದಸ್ಯರ ಸದನದ ಬಹುಮತವೇ ಬ್ಯೂರೋದ ಬಹುಮತವೂ ಆಯಿತು. 2011ರಲ್ಲಿ ಸ್ಕಾಟಿಷ್ ನ್ಯಾಷನಲ್ ಪಾರ್ಟಿ 69 ಸ್ಥಾನ ಗೆದ್ದಾಗ ಅದರ ಒಬ್ಬನೇ ಪ್ರತಿನಿಧಿ ಉಳಿದೆಲ್ಲರನ್ನೂ ಮೀರಿಸುವಷ್ಟು ಮತ ಹೊಂದಿದ್ದ. ಮತದ ಹಂತಕ್ಕೆ ಹೋಗದೆ ಮಾತುಕತೆಯಲ್ಲೇ ಒಮ್ಮತಕ್ಕೆ ಬರುವುದು ಬ್ಯೂರೋದ ರೂಢಿ ಎಂಬುದು ನಿಜ. ಆದರೆ ಮತಕ್ಕೆ ಹಾಕಿದರೆ ಗೆಲ್ಲುವವರು ಯಾರೆಂದು ಎಲ್ಲರಿಗೂ ಗೊತ್ತಿರುವಾಗ ಮೂಡುವ ಒಮ್ಮತ ಸಮಾನರ ನಡುವಿನ ಒಮ್ಮತವಲ್ಲ. ಬ್ಯೂರೋದ ಸಭೆಗಳು ಖಾಸಗಿಯಾಗಿ ನಡೆಯುವುದು ಈ ಕೊರತೆಯನ್ನು ಇನ್ನಷ್ಟು ಆಳವಾಗಿಸುತ್ತದೆ; ಉತ್ತರದಾಯಿತ್ವವನ್ನು ಮೂಲತತ್ವವಾಗಿ ಸಾರಿದ ಸಂಸ್ಥೆಯಲ್ಲಿ ಯಾವ ವಿಷಯವನ್ನು ಯಾರು ಕೇಳಿದರು, ಯಾರು ಬೇಡವೆಂದರು ಎಂಬುದು ಹೊರಗಿನವರಿಗೆ ತಿಳಿಯದೆ ಹೋಗುತ್ತದೆ.

ಎರಡನೆಯ ದೌರ್ಬಲ್ಯ ಚರ್ಚೆಯ ಗುಣಕ್ಕೆ ಸಂಬಂಧಿಸಿದ್ದು. ನಿರ್ಣಯದ ವೇಳೆ ಮೊದಲೇ ಗೊತ್ತುಪಡಿಸಿದ್ದಾದ್ದರಿಂದ ಚರ್ಚೆಯನ್ನು ಆ ಗಳಿಗೆಗೆ ಸರಿಯಾಗಿ ಮುಗಿಯುವಂತೆ ಹೊಂದಿಸಬೇಕು. ಹಾಗೆ ಹೊಂದಿಸುವಾಗ ಭಾಷಣಗಳು ಕೆಲವೇ ನಿಮಿಷಗಳ ತುಂಡುಗಳಾಗುತ್ತವೆ, ಮಾತನಾಡುವವರ ಪಟ್ಟಿ ಪಕ್ಷದ ವ್ಯವಸ್ಥಾಪಕರಿಂದ ಬರುತ್ತದೆ. ಬರೆದು ತಂದದ್ದನ್ನು ಓದಿ ಕುಳಿತುಕೊಳ್ಳುವ ಸದಸ್ಯನಿಗೆ ಹಿಂದಿನವರ ವಾದಕ್ಕೆ ಉತ್ತರಿಸಲು ವ್ಯವಧಾನ ಉಳಿಯುವುದಿಲ್ಲ. ಪ್ರಿಸೈಡಿಂಗ್ ಆಫೀಸರ್ ಕೆನ್ ಮ್ಯಾಕಿಂಟಾಷ್ ಅವರ ಉಪಕ್ರಮದಿಂದ ರಚನೆಯಾಗಿ ಜಾನ್ ಮೆಕಾರ್ಮಿಕ್ ಅವರ ಅಧ್ಯಕ್ಷತೆಯಲ್ಲಿ ಕೆಲಸ ಮಾಡಿದ ಸಂಸದೀಯ ಸುಧಾರಣಾ ಆಯೋಗವು 2017ರಲ್ಲಿ ವರದಿ ನೀಡಿದಾಗ, ಪಕ್ಷಗಳ ಬಿಗಿಹಿಡಿತವನ್ನು ಸಡಿಲಿಸುವುದೂ ಸಮಿತಿಗಳ ಅಧ್ಯಕ್ಷರನ್ನು ಸದನವೇ ಚುನಾಯಿಸುವುದೂ ಅದರ ಮುಖ್ಯ ಕಾಳಜಿಗಳಾಗಿದ್ದವು.

ಮೂರನೆಯದು ಎಲ್ಲಕ್ಕಿಂತ ಗಂಭೀರ. ಮಸೂದೆಯೊಂದು ಮೊದಲ ಹಂತದಲ್ಲಿ ಅದರ ಮೂಲತತ್ವಗಳ ಪರಿಶೀಲನೆಗೆ, ಎರಡನೆಯ ಹಂತದಲ್ಲಿ ಸಾಮಾನ್ಯವಾಗಿ ಸಮಿತಿಯಲ್ಲಿ ಸಾಲುಸಾಲಿನ ತಿದ್ದುಪಡಿಗೆ, ಮೂರನೆಯ ಹಂತದಲ್ಲಿ ಪೂರ್ಣ ಸದನದ ತಿದ್ದುಪಡಿ ಮತ್ತು ಅಂತಿಮ ಮತಕ್ಕೆ ಬರುತ್ತದೆ. ಸ್ಕಾಟ್ಲೆಂಡ್ ಸಂಸತ್ತಿಗೆ ಮೇಲ್ಮನೆ ಇಲ್ಲ. ಕೊನೆಯ ಹಂತದಲ್ಲಿ ಅವಸರದಿಂದ ಸೇರಿದ ತಿದ್ದುಪಡಿಯನ್ನು ಮತ್ತೆ ತೂಗಿ ನೋಡುವ ಇನ್ನೊಂದು ಸದನವೇ ಇಲ್ಲದಿರುವಾಗ ಮೂರನೆಯ ಹಂತಕ್ಕೆ ಧಾರಾಳವಾದ ಸಮಯ ಬೇಕು. ವಾಸ್ತವದಲ್ಲಿ ಅತಿ ಹೆಚ್ಚು ಬಿಗಿಯಾದ ವೇಳಾಪಟ್ಟಿ ಹೆಚ್ಚಾಗಿ ಈ ಹಂತಕ್ಕೇ ಅಂಟಿಕೊಂಡಿದೆ. 2022ರ ಡಿಸೆಂಬರ್‌ನಲ್ಲಿ ಲಿಂಗ ಗುರುತಿನ ಮಾನ್ಯತೆಯ ಮಸೂದೆ ಮೂರನೆಯ ಹಂತಕ್ಕೆ ಬಂದಾಗ, ಕ್ರಿಸ್‌ಮಸ್ ಬಿಡುವಿನ ಮುನ್ನ ಅದನ್ನು ಮುಗಿಸುವ ಸಲುವಾಗಿ ನೂರಕ್ಕೂ ಮಿಕ್ಕ ತಿದ್ದುಪಡಿಗಳ ಚರ್ಚೆ ನಡುರಾತ್ರಿಯನ್ನೂ ದಾಟಿತು. ಡಿಸೆಂಬರ್ 22ರಂದು ಮಸೂದೆ 86-39 ಮತಗಳಿಂದ ಅಂಗೀಕಾರವಾಯಿತು. ಆ ಮಸೂದೆಯ ಗುಣದೋಷಗಳ ಬಗ್ಗೆ ಯಾರ ನಿಲುವು ಏನೇ ಇರಲಿ, ಕುಟುಂಬಸ್ನೇಹಿ ವೇಳೆಗೆ ಹೆಸರಾದ ಸದನ ಅತಿ ವಿವಾದಾತ್ಮಕ ಶಾಸನವನ್ನು ದಣಿದ ಕಣ್ಣುಗಳಿಂದ ಓದಬೇಕಾಗಿ ಬಂದದ್ದು ವೇಳಾಪಟ್ಟಿಯ ಸೋಲು. 2020ರ ಏಪ್ರಿಲ್ 1ರಂದು ಕೊರೊನಾ ವೈರಸ್ ಮಸೂದೆಯ ಎಲ್ಲ ಹಂತಗಳೂ ಒಂದೇ ದಿನದಲ್ಲಿ ಮುಗಿದದ್ದಕ್ಕೆ ಸಾಂಕ್ರಾಮಿಕದ ತುರ್ತು ಸಮರ್ಥನೆಯಾಗಿತ್ತು. ಅಂಥ ತುರ್ತು ಇಲ್ಲದ ಕಡೆಯೂ ಅವಸರ ರೂಢಿಯಾದರೆ ಅದಕ್ಕೆ ಸಮರ್ಥನೆ ಸಿಗದು.

ಒಟ್ಟಿನಲ್ಲಿ, ಸರ್ಕಾರದ ಏಕಸ್ವಾಮ್ಯದಿಂದ ಕಾರ್ಯಸೂಚಿಯನ್ನು ಬಿಡಿಸಿ, ಅದನ್ನು ಸದನದ ಒಪ್ಪಿಗೆಗೆ ಒಳಪಡಿಸಿದ್ದು ಸ್ಕಾಟ್ಲೆಂಡ್ ಸಂಸತ್ತಿನ ನಿಜವಾದ, ಅನುಕರಣೀಯವಾದ ಕೊಡುಗೆ. ಆದರೆ ಸರ್ಕಾರದಿಂದ ಪಕ್ಷಗಳಿಗೆ ದಾಟಿದ ಆ ಅಧಿಕಾರ ಪಕ್ಷಗಳಿಂದ ಸದಸ್ಯರಿಗೆ ಇನ್ನೂ ದಾಟಿಲ್ಲ. ಅಧಿಕಾರ ಹಂಚಿಕೆ ಎಂಬ ತತ್ವ ಲಂಡನ್ ಮತ್ತು ಎಡಿನ್‌ಬರೊಗಳ ನಡುವೆಯೇ ನಿಲ್ಲದೆ ಸಭಾಂಗಣದ ಒಳಗೂ ಹರಿಯಬೇಕಾದರೆ ಬ್ಯೂರೋ ತನ್ನ ತೀರ್ಮಾನಗಳಿಗೆ ಕಾರಣಗಳನ್ನು ಬಹಿರಂಗವಾಗಿ ನೀಡಬೇಕು, ಪಕ್ಷದ ಪಟ್ಟಿಯಲ್ಲಿಲ್ಲದ ಸದಸ್ಯನಿಗೂ ಮಾತಿನ ಹಕ್ಕು ದೊರೆಯಬೇಕು, ಎರಡನೆಯ ಮತ್ತು ಮೂರನೆಯ ಹಂತಗಳ ನಡುವಿನ ಅಂತರ ಮಸೂದೆಯ ಜಟಿಲತೆಗೆ ತಕ್ಕಂತೆ ಹಿಗ್ಗಬೇಕು. ಇವಕ್ಕೆ ಲಂಡನ್ನಿನಿಂದ ಹೊಸ ಕಾಯ್ದೆಯೇನೂ ಬರಬೇಕಾಗಿಲ್ಲ. ತನ್ನ ನಿಯಮಾವಳಿಯನ್ನು ತಿದ್ದಿಕೊಳ್ಳುವ ಅಧಿಕಾರ ಆ ಸದನಕ್ಕೆ ಈಗಾಗಲೇ ಇದೆ, ಅದನ್ನು ಬಳಸುವ ಹೊಣೆಯೂ ಅದರದೇ.